ಎರಡನೆಯ ಗುರುತನ್ನು ನುಂಗಿದ ಹಾಡು

ಗುಡ್ಡದ ಮೇಲೆ ಕುಳಿತು ನಮಗೆಲ್ಲ ಹಾಡು ಕೇಳಿಸುತ್ತಿರುವ ಪ್ರಸಾರ ಕೇಂದ್ರದ ಮುಖ್ಯ ಎಂಜಿನಿಯರ್ ಅವರೇ,

ನಿಮ್ಮ ಹಾಡು ಮೀನುಗಾರರ ವೈರ್‌ಲೆಸ್ ಮಾತಿನ ಮೇಲೆ ಬಂದು ಕೂರುತ್ತಿದೆ. ಎರಡು ವರ್ಷದಲ್ಲಿ ಐದು ಬಾರಿ ಬರೆದೆ. ‘ದೋಷ ಅರ್ಜಿದಾರರ ಉಪಕರಣದಲ್ಲಿದೆ, ದೂರು ಮುಕ್ತಾಯ’ ಎಂದು ಐದು ಬಾರಿಯೂ ಉತ್ತರ ಬಂತು. ಒಂದಕ್ಷರವೂ ಬದಲಾಗದಷ್ಟು ನಿಷ್ಠೆ ನಿಮ್ಮದು. ಆರನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಮೂವತ್ತು ವರ್ಷ ತಾರು ಕಚೇರಿಯಲ್ಲಿದ್ದವ, ಈಗ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವ, ಕಡಲಿಗೆ ಹೋದವರ ಮಾತಿಗೆ ದಿನವೂ ಕಿವಿಗೊಡುವವ. ದೋಷ ನನ್ನದೇ ಇರಬೇಕೆಂದು ಮೊದಲು ನಂಬಿದವನೂ ನಾನೇ. ಕರೆಂಟು ಬಿಟ್ಟು ರೇಡಿಯೋ ಪೆಟ್ಟಿಗೆಯನ್ನು ಬ್ಯಾಟರಿಗೆ ಹಾಕಿದೆ; ಹಾಡು ಬಂತು. ನಿಮ್ಮ ಅಲೆಯನ್ನು ತಡೆಯುವ ತಂತಿಸುರುಳಿ ಸುತ್ತಿ ಜೋಡಿಸಿದೆ, ಆಗಲೂ ಬಂತು. ತುಕ್ಕು ಹಿಡಿದ ಲೋಹದ ಕೀಲುಗಳು ಹಾಡನ್ನು ಹಿಡಿದು ಇನ್ನೊಬ್ಬರ ಅಲೆಯ ಜಾಗಕ್ಕೆ ಎಸೆಯುತ್ತವೆಂದು ಓದಿ, ಬಚ್ಚಲಿನ ತಗಡು ಇಳಿಸಿದೆ, ಬಟ್ಟೆ ಒಣಗಿಸುವ ತಂತಿ ಬಿಚ್ಚಿ ಹುರಿಹಗ್ಗ ಕಟ್ಟಿದೆ. “ಎಂತ ಮಾರಾಯ್ರೆ, ಇನ್ನ್ ನನ್ನ್ ಕರಿಮಣಿನೂ ಬಿಚ್ಚಿ ಕೊಡ್ಕಾ?” ಎಂದಳು ಹೆಂಡತಿ ಮನೋರಮಾ. ನನ್ನ ಮನೆಯ ತುಕ್ಕು ಮುಗಿಯಿತು. ಇದೇ ಉಪ್ಪುಗಾಳಿಯಲ್ಲಿ ನಿಂತಿರುವ ನಿಮ್ಮ ಗೋಪುರದ್ದು? ಅದನ್ನು ಹತ್ತಿ ನೋಡಿದವರು ಯಾರು?

ಹೋದ ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಮ್ಮೂರಿನ ಮೀನುಗಾರ ತಿಮ್ಮನ ದೋಣಿಗೆ ನೀರು ನುಗ್ಗಿತು. ಕಡಲಿನಲ್ಲಿ ತಾವಿರುವಲ್ಲಿಂದ ಕಾಣುವ ದಡದ ಎರಡು ಗುರುತುಗಳನ್ನು ಹೇಳುವುದು ನಮ್ಮ ಮೀನುಗಾರರ ಪದ್ಧತಿ. ಒಂದರ ನೇರಕ್ಕೆ ಇನ್ನೊಂದು ಕಾಣುವ ಜೋಡಿ ಸೇರಿ ಒಂದು ಗುರುತು; ಒಂದೇ ಕೊಟ್ಟರೆ ಬರೀ ಗೆರೆ. ಎರಡು ಕೊಟ್ಟರೆ ಜಾಗ. ನನ್ನ ಪೆಟ್ಟಿಗೆಯಲ್ಲಿ ತಿಮ್ಮನ ದನಿ ಬಂತು:

“ಹ್ವಾಯ್ ಐತಾಳ್ರೆ, ಕೇಂತಾ ಇತ್ತಾ? ಕೊಡಚಾದ್ರಿ ತುದಿ ನಾವುಂದದ ಬೋಳ್‌ಗುಡ್ಡಿ ಮೇಲ್ ಇತ್ತ್, ಮತ್ತೆ ಬಡಗ್ ಬದಿಗೆ...”

ಅಷ್ಟರಲ್ಲಿ ನಿಮ್ಮ ಸಾಬೂನಿನ ಹಾಡು. ಮೀನುಗಾರರ ಅಲೆಯಲ್ಲಿ ನನ್ನ ಪೆಟ್ಟಿಗೆಗೆ ಕಿವಿಯಿದೆ, ಬಾಯಿಲ್ಲ. ಇನ್ನೊಮ್ಮೆ ಹೇಳು ಎನ್ನಲಾಗಲಿಲ್ಲ. ಹಾಡು ಮುಗಿಯುವಾಗ ಅವನ ದನಿಯೂ ಮುಗಿದಿತ್ತು. ತಿಮ್ಮ ಯಾವಾಗಲೂ ಆಳದಲ್ಲಿ ಬಲೆ ಬಿಡುವವನೆಂದು ನೆನೆದು, ಹುಡುಕಲು ಹೊರಟವರಿಗೆ ‘ಹೊರಗೆ’ ಎಂದೆ. ಗಂಗೊಳ್ಳಿ ಬಂದರಿನಿಂದ ಆರು ದೋಣಿಗಳು ಓರೆಯಾಗಿ ಹೋಗಿ ಆ ಗೆರೆಯ ಆಳದ ತುದಿಯನ್ನೇ ಸೇರಿದವು. ಅವನ ದೋಣಿ ಸಿಕ್ಕಿದ್ದು ಮೂರನೆಯ ದಿನ, ಅದೇ ಗೆರೆಯ ಮೇಲೆ, ದಡದಿಂದ ಅದರ ಅರ್ಧ ದೂರದಲ್ಲಿ, ಲಂಗರು ಕಚ್ಚಿಕೊಂಡೇ. ತಿಮ್ಮ ಸಿಗಲಿಲ್ಲ.

ಅವನ ಹೆಂಡತಿ ಜಲಜ ನನ್ನ ಜಗಲಿಯಲ್ಲಿ ಕೂತು ಕೇಳಿದ್ದು ಒಂದೇ ಮಾತು: “ಎರಡ್ನೇ ಗುರ್ತ್ ಎಂತ ಅಂದ್ರ್?” ನಾನೇನು ಹೇಳಲಿ? ಸಾಬೂನಿನ ಹೆಸರನ್ನೇ?

‘ಹೊರಗೆ’ ಎಂದ ಬಾಯಿ ನನ್ನದು. ಅದನ್ನು ನಿಮ್ಮ ಕಡತಕ್ಕೆ ಸೇರಿಸುವುದಿಲ್ಲ. ಆದರೆ ಈಗ ತಿಮ್ಮನ ತಮ್ಮ ಸುಬ್ಬ ಅದೇ ದೋಣಿಗೆ ಹೊಸ ಹಲಗೆ ಹೊಡೆಸಿದ್ದಾನೆ. ಮೊನ್ನೆ ಬಂದು, “ನೀವ್ ಕೇಂತಾ ಇರ್ತ್ರಿ ಅಲ್ದಾ ಐತಾಳ್ರೆ?” ಎಂದ.

ಆಗಸ್ಟಿನಲ್ಲಿ ಅವನು ಕಡಲಿಗಿಳಿಯುವ ಮೊದಲು ಒಂದು ದಿನ ಪ್ರಸಾರ ನಿಲ್ಲಿಸಿ, ಗೋಪುರದ ಕೀಲುಗಳನ್ನು ಒಂದೊಂದಾಗಿ ಉಜ್ಜಿಸಿ, ಬಿಗಿ ಮಾಡಿಸಿ. ಬಳಿಕ ನನ್ನ ಪೆಟ್ಟಿಗೆಯ ಮುಂದೆ ಬಂದು ಕೂತು ಕೇಳಿ. ಆಗಲೂ ದೋಷ ನನ್ನದೇ ಆದರೆ, ಸುಬ್ಬನ ಮನೆಗೆ ಹೋಗಿ, ನನ್ನನ್ನು ನಂಬಬೇಡ ಎಂದು ನಾನೇ ಹೇಳಿ ಬರುತ್ತೇನೆ.

ಇಂತಿ,
ಸದ್ಯಕ್ಕೆ ಅವನಿಗೆ ಹೌದೆಂದುಬಿಟ್ಟಿರುವ
ಮಹಾಲಿಂಗ ಐತಾಳ
ಮರವಂತೆ, ಮೇ 2002