ಬಟ್ಟಲು ತೆಗೆದ ಗಂಟೆ

ಹುಣಸೂರು
ತಾ. 2-11-1936

ನನ್ನ ಪುಟ್ಟಲಕ್ಷ್ಮಿಗೆ, ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ, ನಿನ್ನ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಡ ಅಂತ ಹೆತ್ತವಳೇ ಬರೆದರೆ, ಇಲ್ಲಿ ಬೇಗೂರಿನ ಹೆಂಗಸರ ನಡುವೆ ಯಾವ ಮುಖ ಇಟ್ಟುಕೊಂಡು ನೀರು ಸೇದಲಿ ಅಂತ ಕೇಳಿದ್ದೀಯ. ಗೋಡೆ ಬಿರುಕು ಬಿಟ್ಟಿದೆ, ಹಾವಿನ ಕಾಟ ಅಂತೆಲ್ಲ ಬರೆದದ್ದು ನೆವ ಕಣವ್ವ. ಗೋಡೆ ಗಟ್ಟಿಯಾಗಿದೆ.

ನಿಜ ಹೇಳ್ತೀನಿ. ನಿಮ್ಮತ್ತೆ ಚಿಕ್ಕಸಿದ್ದಮ್ಮನವರ ಮುಂದೆ ಓದಬೇಡ. ನನಗೆ ಕಿವಿ ಕೇಳಿಸೋದಿಲ್ಲ. ಹೋದ ವರ್ಷ ಸಣ್ಣಗೆ ಶುರುವಾದದ್ದು, ಈಗ ಎದುರು ನಿಂತು ಬಾಯಿ ಬಿಟ್ಟು ಹೇಳಿದರೆ ಮಾತ್ರ ತಿಳೀತದೆ. ಬೇಸಿಗೆಯಲ್ಲಿ ಪಕ್ಕದ ಮನೆ ಸುಂದ್ರಮ್ಮ ತನ್ನ ಕೂಸನ್ನು ನಮ್ಮ ನಡುಮನೆಯಲ್ಲಿ ಮಲಗಿಸಿ ಹೊಲಕ್ಕೆ ಹೋಗಿದ್ದಳು. ನಾನು ಬೆನ್ನು ತಿರುಗಿಸಿ ರಾಗಿ ಕೇರುತ್ತಾ ಕೂತಿದ್ದೆ. ಅವಳು ಬಂದು ನೋಡುವಾಗ ಕೂಸು ಅತ್ತೂ ಅತ್ತೂ ದನಿ ಬಿದ್ದು, ತುಟಿ ನೀಲಿಯಾಗಿತ್ತು. ಏನಕ್ಕ, ಕಿವಿಗೆ ಅರಳೆ ಮಡೀಕಂಡಿದ್ದಾ ಅಂತ ಕೇಳಿದಳು. ದೇವರು ದೊಡ್ಡವನು, ಕೂಸು ಸುಧಾರಿಸಿಕೊಂಡಿತು. ನಾನು ಸುಧಾರಿಸಿಕೊಳ್ಳಲಿಲ್ಲ. ನೀನು ಬಾಣಂತಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿರುತ್ತೀಯ, ನಾನು ಹೊರಗೆ ನಡುಮನೆಯಲ್ಲಿ. ನಿಮ್ಮಪ್ಪ ರಾತ್ರಿ ತಂತಿ ಆಫೀಸಿನ ಕಾವಲಿಗೆ ಹೋಗಿರುತ್ತಾರೆ. ನಿನಗೆ ಏನೋ ಆಗಿ ಅವ್ವಾ ಅಂತ ಕೂಗಿದರೆ? ಅತ್ತೆ ಮನೆಯಲ್ಲಾದರೆ ಕಿವಿ ಇರೋರಾದರೂ ಇದ್ದಾರೆ ಅಂತ ಹಾಗೆ ಬರೆದೆ.

ನಿಮ್ಮಪ್ಪನಿಗೆ ನಾನು ಕಿವಿಯ ವಿಷಯವನ್ನೂ ಹೇಳಿರಲಿಲ್ಲ, ಬರಬೇಡ ಅಂತ ನಿನಗೆ ಬರೆದ ಕಾಗದದ ವಿಷಯವನ್ನೂ ಹೇಳಿರಲಿಲ್ಲ. ಹೇಳೋಣ ಅಂದರೆ ಈಚೆಗೆ ಅವರಿಗೆ ಸಿಟ್ಟು. ನನ್ನ ಹತ್ತಿರ ಬರುವಾಗೆಲ್ಲ ನೆಲ ಅದುರುವ ಹಾಗೆ ಕಾಲು ಬಡಿದು ಬರೋರು.

ಅವರ ಗಂಟೆ ಹುಚ್ಚು ನಿನಗೆ ಗೊತ್ತಲ್ಲ. ಆಫೀಸಿನಲ್ಲಿ ಬೇಡವೆಂದು ಎಸೆದ ಗಾಜಿನ ಜಾಡಿ, ತಂತಿ ತುಂಡು, ಎಲ್ಲ ನಮ್ಮ ಮನೆಗೇ. ಕಲಾಯಿಯವನ ಹತ್ತಿರ ನವಸಾಗರದ ಉಪ್ಪು ತಂದು ಜಾಡಿಯ ನೀರಿಗೆ ಕದಡಿ ಕರೆಂಟು ಹುಟ್ಟಿಸುತ್ತಾರೆ. ಕೋಳಿಗೂಡಿನ ಬಾಗಿಲು ತೆಗೆದರೆ ಬಡಿಯುವ ಗಂಟೆ ಮಾಡಿದಾಗ, ಕಳ್ಳ ಬರೋಕೆ ಮುಂಚೆ ಕೋಳಿಗಳೇ ಹೆದರಿ ಸತ್ತಾವು ಅಂತ ಸುಂದ್ರಮ್ಮ ನಕ್ಕಿದ್ದಳು. ಈ ಸಲ ನೀನು ಬರ್ತೀಯ ಅಂತ ಬಾಣಂತಿ ಕೋಣೆಗೆ ಒಂದು ಗುಂಡಿ ಇಟ್ಟು, ನಡುಮನೆ ಗೋಡೆಗೆ ದೊಡ್ಡ ಹಿತ್ತಾಳೆ ಬಟ್ಟಲಿನ ಗಂಟೆ ಕೂರಿಸಿದರು. ಗುಂಡಿ ಒತ್ತಿದರೆ ತಂತಿ ಸುತ್ತಿದ ಮೊಳೆ ತಗಡನ್ನು ಎಳೀತದೆ, ಬಿಡ್ತದೆ, ಎಳೀತದೆ. ತಗಡಿನ ತುದಿಯ ಸುತ್ತಿಗೆ ಬಟ್ಟಲಿಗೆ ಬಡೀತದೆ.

ಆಯುಧಪೂಜೆಯಲ್ಲಿ ಕುಡುಗೋಲು, ಒನಕೆಗೆ ಇಟ್ಟ ಹಾಗೆ ಆ ಗಂಟೆಗೂ ಅರಿಶಿನ ಕುಂಕುಮ ಇಟ್ಟೆ. ನಿನ್ನ ಪ್ರಾಣ ಕಾಯೋ ಗಂಟೆ ಅಂತ ಕೈ ಧಾರಾಳ ಮಾಡಿ ಮೆತ್ತಿದೆ. ಮಾರನೇ ದಿನ ಅವರು ಕೋಣೆಯ ಹೊಸ್ತಿಲಲ್ಲಿ ನಿಂತು ಗುಂಡಿ ಒತ್ತಿದರು. ಗಂಟೆ ನನ್ನ ಬೆನ್ನ ಹಿಂದೆ. ಹೆಬ್ಬೆರಳು ಅದುಮಿದ್ದು ಕಂಡಿತು, ಅಯ್ಯೋ ನಿಲ್ಲಿಸ್ರೀ, ಕಿವಿ ತೂತು ಬಿತ್ತು ಅಂದೆ.

ಗಂಟೆ ಬಡಿದೇ ಇರಲಿಲ್ಲ ಪುಟ್ಟಲಕ್ಷ್ಮಿ. ಅರಿಶಿನ ತಗಡಿನ ಸಂದಿಯಲ್ಲಿ ಒಣಗಿ ಕೂತು ಕರೆಂಟು ಹರಿಯಲು ಬಿಟ್ಟಿರಲಿಲ್ಲ.

ಅವರು ಬೈಯಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಗಂಟೆ ಇಳಿಸಿ ಅರಿಶಿನ ಕೆರೆದರು, ಬಟ್ಟಲು ಬಿಚ್ಚಿ ಪಕ್ಕಕ್ಕಿಟ್ಟರು. ಉಳಿದದ್ದನ್ನು ಒಂದು ತೆಳು ಹಲಗೆಗೆ ಜಡಿದು, ಸುತ್ತಿಗೆ ಹಲಗೆಗೇ ಬಡಿಯುವ ಹಾಗೆ ಬಗ್ಗಿಸಿದರು. ಆ ಹಲಗೆ ನನ್ನ ತಲೆದಿಂಬಿನ ಅಡಿ ಬಂತು. ಕೈ ಇಡು ಅಂತ ಸನ್ನೆ ಮಾಡಿ ಗುಂಡಿ ಒತ್ತಿದರು. ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದ ಹಾಗೆ ಪಟಪಟ ಅಂತು. ನಿನ್ನೆ ಮಧ್ಯಾಹ್ನ ನನಗೆ ಜೋಂಪು ಹತ್ತಿದಾಗ ಹೇಳದೆ ಒತ್ತಿದರು. ಧಡಕ್ಕನೆ ಎದ್ದು ಕೂತೆ.

ಇಲಿ ತಂತಿ ಕಡಿದರೆ? ಜಾಡಿ ನೀರು ಆರಿದರೆ? ಯೋಚನೆ ಬಿಟ್ಟಿಲ್ಲ. ದಿನಾ ಸಂಜೆ ಒತ್ತಿ ನೋಡಿಯೇ ಆಫೀಸಿಗೆ ಹೋಗ್ತೀನಿ, ಸುಮ್ಕಿರು ಅಂದಿದ್ದಾರೆ. ನೀನು ಬಾ. ದೀಪಾವಳಿಗೆ ಮುಂಚೆ ಅಪ್ಪ ಕರೆಯಲು ಬರ್ತಾರೆ. ಗಾಡಿಗೆ ಹುಲ್ಲು ದಪ್ಪಗೆ ಹಾಸಿಸು, ಕುಲುಕಬಾರದು. ಬಂದ ಮೇಲೆ ಎದುರು ನಿಂತು ಮಾತಾಡು, ನಿನ್ನ ಮಾತೆಲ್ಲ ನನಗೆ ಬೇಕು.

ನಿನ್ನ ದಾರಿ ನೋಡುತ್ತಿರುವ ಅವ್ವ,
ಸಣ್ಣತಾಯಮ್ಮ

ಬರೆಯಲು ಮರೆತದ್ದು: ಹಲಗೆಗೆ ಬಡಿಸುವ ಉಪಾಯ ಹೆಂಗೆ ಹೊಳೀತು ಅಂತ ನಿಮ್ಮಪ್ಪನನ್ನು ಕೇಳಿದೆ. ಹಿಂದಿಂದ ಬಂದರೆ ನೀನು ಬೆಚ್ಚಿಬೀಳ್ತೀಯ ಅಂತ ವರ್ಷದಿಂದ ಕಾಲು ಬಡ್ಕೊಂಡು ಬತ್ತಿಲ್ವಾ, ಅಂಗೇ ಅಂದರು. ನಿಮ್ಮ ಕಡೆ ಕಾಡಿನಲ್ಲಿ ಜೇನುಮೇಣ ಸಿಗುತ್ತದಲ್ಲ, ಬರುವಾಗ ಒಂದು ಉಂಡೆ ತಾ. ಅವರ ಹಿಮ್ಮಡಿ ಒಡೆದಿದೆ.