ಯಾರ ಕೈಯ ಗೂಟ?

ಬೀಳಗಿ
೨೩-೧೦-೧೯೭೮

ಮನೆಯವರಿಗೆ ತುಂಗವ್ವನ ನಮಸ್ಕಾರಗಳು.

ಇಲ್ಲಿ ಅವ್ವ, ತಮ್ಮ, ಎಮ್ಮೆ ಎಲ್ಲರೂ ಕ್ಷೇಮ. ನಾನೊಬ್ಬಳು ಕ್ಷೇಮವಿಲ್ಲ. ಹೇಳದೆ ಕೇಳದೆ ತವರಿಗೆ ಯಾಕೆ ಬಂದೆ ಎಂದು ಬನಹಟ್ಟಿಯ ಮಂದಿ ನಿಮ್ಮನ್ನು ಕೇಳುತ್ತಿರಬಹುದು. ಕಾರಣ ನಿಮ್ಮ ಲಾರಿಯ ಗೇರಿನ ತುದಿಯ ಗುಂಡು. ಅದನ್ನು ರಾಡಿನಿಂದ ಕಳಚಿಕೊಂಡು ಬಂದವಳೂ ನಾನೇ, ಸುಮ್ಮನೆ ಯಾರನ್ನೂ ಬೈಯಬೇಡಿ.

ನಿಮ್ಮ ಕೈಗುಣ ಛಲೋ ಇದೆ, ಇಲ್ಲವೆನ್ನುವುದಿಲ್ಲ. ಕಬ್ಬಿನ ಸಾಗಾಟ ನಿಂತಿತೆಂದರೆ ಪಡಸಾಲೆಯಲ್ಲಿ ಅರ-ಕಾನಸು ಹಿಡಿದು ಉಜ್ಜುತ್ತ ಕೂಡುತ್ತೀರಿ. ನೇಕಾರರು ಬಿಸಾಕಿದ ಮುರುಕು ಲಾಳಿ, ಹಳೆ ಮಂಚದ ಹಿತ್ತಾಳೆ ಗುಂಡು, ತೊಟ್ಟಿಲ ಬಣ್ಣದ ಗುಂಡು, ಏನು ಸಿಕ್ಕರೂ ತಳಕ್ಕೆ ತೂತು ಕೊರೆದು, ನಟ್ಟು ಕೂಡಿಸಿ, ಅರಗು ಕಾಸಿ ಸುರಿದು ಯಾವನೋ ಡ್ರೈವರನ ಗೇರಿಗೆ ಹಾಕಿಕೊಡುತ್ತೀರಿ. ನನ್ನ ಈಳಿಗೆಮಣೆ ಅಲುಗಾಡಲು ಹತ್ತಿ ವರ್ಷವಾಯಿತು, ಅದಕ್ಕೊಂದು ಮೊಳೆ ಬಡಿಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಅದನ್ನೂ ನುಂಗಿಕೊಂಡಿದ್ದೆ. ಆದರೆ ಶ್ರಾವಣದಲ್ಲಿ ನಿಮ್ಮ ಗಾಡಿಗೆಂದು ಒಂದು ಬೀಸುಕಲ್ಲಿನ ಗೂಟ ಕೊಯ್ದು ಗುಂಡು ಮಾಡಿದಿರಲ್ಲ, ಅದರ ನೆತ್ತಿಗೆ ಕಾನಸನ್ನೇ ಮುಟ್ಟಿಸಲಿಲ್ಲ. ಕೂಸಿಗೆ ಹಚ್ಚಿದಂತೆ ಕುಸುಬೆ ಎಣ್ಣೆ ಹಚ್ಚಿದಿರಿ. ನಿಮ್ಮ ಜೊತೆಯ ಡ್ರೈವರ್ ಸಾತಪ್ಪ ನನ್ನ ಮುಂದೆ ನಕ್ಕು, "ಹೆಣ್ಮಗಳ ಕೈಯಾಗ ಸವದ ಗೂಟ ಐತ್ರಿ ವೈನಿ. ಯಾರದಂತ ಧರೆಪ್ಪಣ್ಣ ಹೇಳವಲ್ಲ" ಅಂದ.

ನೀವು ಹೇಳದಿದ್ದರೇನು, ನನಗೆ ತಿಳಿಯುವುದಿಲ್ಲವೇ? ಲೋಕಾಪುರದ ಖಾನಾವಳಿಯ ಲಗಮವ್ವ ಹಿಟ್ಟಿನ ಗಿರಣಿ ಬಂತೆಂದು ಬೀಸುಕಲ್ಲು ಕಿತ್ತು ಅಂಗಳಕ್ಕೆ ಹಾಕಿದ್ದಾಳೆ. ಅವಳ ರೊಟ್ಟಿಯ ಗುಣಗಾನ ನಿಮ್ಮ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೆ! ನನ್ನ ರೊಟ್ಟಿ ತಿಂದು ಒಮ್ಮೆಯಾದರೂ ಹಾಗೆ ಅಂದಿದ್ದೀರಾ?

ಯಾರದೆಂದು ನಾನೇ ಬಾಯಿಬಿಟ್ಟು ಕೇಳಿದೆ. "ಯಾರದರೆ ಇರಲಿ ಬಿಡ, ಕೈಗಿ ಹಿತ ಆಗೇತಿ" ಎಂದು ನಕ್ಕಿರಿ. ಮಹಾನವಮಿಯ ಖಂಡೇಪೂಜೆಯ ದಿನ ಗಾಡಿಗಿಂತ ಮೊದಲು ಅದಕ್ಕೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ನನಗೆ ಆರತಿ ಬೆಳಗಲು ಹೇಳಿದಿರಿ. ಇನ್ನೊಬ್ಬಳ ಕೈ ಸವೆಸಿದ ಕಟ್ಟಿಗೆಗೆ ನಾನು ಆರತಿ ಎತ್ತಿದೆ! ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ತನಕ ನಿಮ್ಮ ಎಡಗೈ ಅವಳ ಕೈಯ ಮೇಲೆಯೇ ಇರುತ್ತದೆ ಎಂದು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಅದಕ್ಕೇ ಕಳಚಿದೆ. ಮುಟ್ಟಲು ಹೇಸಿಕೆಯಾಗಿ ಸೆರಗು ಸುತ್ತಿ ತಿರುವಿದೆ. ಇವತ್ತು ಮುಂಜಾನೆ ಅದನ್ನು ಇಲ್ಲಿಯ ನೀರೊಲೆಗೆ ಹಾಕಿದ್ದೇನೆ. ಲಗಮವ್ವನ ಗೂಟ ಬೇಕೋ ತುಂಗವ್ವ ಬೇಕೋ ಬರೆದು ತಿಳಿಸಿ. ಉತ್ತರ ಬರುವ ತನಕ ನಾನು ಬೀಳಗಿ ಬಿಡುವುದಿಲ್ಲ.

ಇಂತಿ, ಇನ್ನೂ ನಿಮ್ಮವಳೇ ಆದ
ತುಂಗವ್ವ

ತಾ.ಕ.: ಪತ್ರ ಅಂಟಿಸುವಷ್ಟರಲ್ಲಿ ಅವ್ವ ಒಲೆ ಕೆದಕಲು ಹೋದವಳು ಚೀರಿದಳು. ಬೆಂಕಿಗೆ ಅರಗು ಕರಗಿದ ಸೀಳು, ಅದರ ಪಕ್ಕ ಇಷ್ಟು ದಿನ ಅರಗಿನಡಿ ಮುಚ್ಚಿಹೋಗಿದ್ದ, ಅಪ್ಪ ಬಡಿದಿದ್ದ ತಾಮ್ರದ ಮೊಳೆ ಅವಳ ಕಣ್ಣಿಗೆ ಬಿದ್ದಿತ್ತು. "ಅಯ್ಯ ಖೋಡಿ, ಇದು ನಮ್ಮ ಬೀಸುಕಲ್ಲಿನ ಗೂಟ! ಪಂಚಮಿಗಿ ನಿನ್ನ ಕರಿಯಾಕ ಬಂದಾಗ ಅಳಿಯಾರು ಬೇಡಿ ಒಯ್ದಿದ್ರು. 'ತುಂಗಿ ಬೀಸಿ ಸವಿಸಿದ್ದು, ಗಾಡ್ಯಾಗ ಆಕಿ ಕೈ ಹಿಡದಾಂಗ ಆಗತೈತ್ರಿ ಅತ್ತಿ, ಆಕಿಗಿ ಹೇಳಬ್ಯಾಡ್ರಿ, ನಗತಾಳ' ಅಂದಿದ್ರು" ಎಂದಳು.

ನಾನು ನಗಲಿಲ್ಲ. ಬರಿಗೈಯಲ್ಲಿ ಹಿಡಿದಿದ್ದರೆ ಗುರುತು ಸಿಗುತ್ತಿತ್ತು. ಒಲೆಯಿಂದ ಎಳೆದು ನೋಡಿದೆ, ಅರ್ಧ ಸುಟ್ಟಿದೆ, ನನ್ನ ಹೆಬ್ಬೆರಳು ಕೂಡುವ ಕಡೆ ಮಾತ್ರ ಉಳಿದಿದೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಹೊಟ್ಟೆ ಉರಿದದ್ದು ಖರೆ. ದೀಪಾವಳಿಯೊಳಗೆ ಕರೆಯಲು ಬನ್ನಿ. ಅಲ್ಲಿಯ ತನಕ ಬರೀ ರಾಡು ಹಿಡಿದು ಓಡಿಸಿ. ಬೇರೆ ಗುಂಡು ಹಾಕಿದ್ದು ಕಂಡರೆ ಅದನ್ನೂ ಒಲೆಗೆ ಹಾಕುತ್ತೇನೆ.