ನನ್ನ ಕಿಟಕಿಗೆ ನೇತುಹಾಕಿದ ಅಭಿನಂದನೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಊರು ‘ಜಂತುಹುಳು ಮುಕ್ತ’ ಎಂದು ಸಾರುವ ತಮ್ಮ ಬ್ಯಾನರ್ ಆಸ್ಪತ್ರೆಯ ತಾರಸಿಯಿಂದ ಇಳಿಬಿದ್ದು ಪ್ರಯೋಗಾಲಯದ ಒಂದೇ ಒಂದು ಕಿಟಕಿಯನ್ನು ಮುಚ್ಚಿಬಿಟ್ಟಿದೆ. ಅಂದಿನಿಂದ ನನಗೆ ಒಂದು ಹುಳುವಿನ ಮೊಟ್ಟೆಯೂ ಕಾಣುತ್ತಿಲ್ಲ. ತಮ್ಮ ಘೋಷಣೆ ಇಷ್ಟು ಬೇಗ ನಿಜವಾದುದಕ್ಕೆ ಅಭಿನಂದನೆಗಳು.

ಇಪ್ಪತ್ತಾರು ವರ್ಷಗಳಿಂದ ನಾನು ಇಲ್ಲಿ ಜನರ ಮಲ ಪರೀಕ್ಷೆ ಮಾಡಿಕೊಂಡು ಬಂದವಳು. ಮೂಗು ಮುರಿಯಬೇಡಿ, ಯಾರಾದರೂ ಮಾಡಲೇಬೇಕಲ್ಲ. ನನ್ನ ಸೂಕ್ಷ್ಮದರ್ಶಕದ ಬಲ್ಬು ಸುಟ್ಟು ಮೂರು ವರ್ಷವಾಯಿತು. ಅರ್ಜಿ ಬರೆದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ತಪ್ಪದೆ ಬಂದಿದೆ. ಅಲ್ಲಿಯವರೆಗೆ ಇರಲಿ ಎಂದು ಹಳೆಯ ಕನ್ನಡಿಯೊಂದನ್ನು ಜೋಡಿಸಿ, ಕಿಟಕಿಯ ಬಿಸಿಲು ಹಿಡಿದು ಕೆಲಸ ಸಾಗಿಸಿದೆ. ಈಗ ಬಿಸಿಲೂ ತಮ್ಮ ಸುಪರ್ದಿಗೆ ಹೋಯಿತು. ಮೊಬೈಲ್ ಟಾರ್ಚು ಹಿಡಿದು ನೋಡಿದೆ, ಕಣ್ಣು ಕುಕ್ಕಿತೇ ಹೊರತು ಏನೂ ತಿಳಿಯಲಿಲ್ಲ. ಬ್ಯಾನರ್ ಸರಿಸಲು ಹೋದರೆ ಅಟೆಂಡರ್ ಅಡ್ಡ ನಿಂತ: “ಮುಟ್ಬೇಡಿ ಮೇಡಂ, ಸಾಹೇಬ್ರು ದಿನಾ ಫೋಟೋ ಕೇಳ್ತಾರೆ.” ಸೂಕ್ಷ್ಮದರ್ಶಕವನ್ನೇ ವರಾಂಡಕ್ಕೆ ಹೊತ್ತೊಯ್ದೆ. ಕಚೇರಿಯ ಸ್ವತ್ತನ್ನು ಕೊಠಡಿಯಿಂದ ಹೊರಗೆ ಸಾಗಿಸಿದ್ದೇಕೆ ಎಂದು ಸಂಜೆಗೇ ಮೆಮೊ ಬಂತು. ತಮ್ಮ ಕಚೇರಿ ಇಷ್ಟು ಚುರುಕೆಂದು ಅಂದೇ ತಿಳಿದದ್ದು.

ನಮ್ಮಲ್ಲಿ ನೆಲ ಒರೆಸುವ ಹೆಂಗಸಿಗೆ ಇಬ್ಬರು ಹೆಣ್ಣುಮಕ್ಕಳು. ಮನೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ. ಅಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗುತ್ತದೆ. ಒಂಬತ್ತು ವರ್ಷದ ದೊಡ್ಡವಳ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿತ್ತು. ಊರು ‘ಮುಕ್ತ’ವಾದ ಮೇಲೆ ಜಂತುಹುಳುವಿನ ಮಾತ್ರೆಯ ದಾಸ್ತಾನನ್ನು ತಾವು ಹಿಂದಕ್ಕೆ ತರಿಸಿಕೊಂಡಿದ್ದೀರಿ. ಮೊಟ್ಟೆ ಕಂಡಿದೆ ಎಂಬ ನನ್ನ ವರದಿ ಹೋದರಷ್ಟೇ ಮಾತ್ರೆ ಬರುತ್ತದೆ. ಅವಳ ಮಾದರಿಯನ್ನು ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿ ‘ಕಂಡುಬಂದಿಲ್ಲ’ ಎಂದು ಬರೆದುಕೊಟ್ಟೆ. “ಏನೂ ಇಲ್ವಂತೆ! ಬದುಕ್ಕೊಂಡ್ವಿ ಅಕ್ಕಾ” ಎಂದು ತಾಯಿ ನನ್ನ ಎರಡೂ ಕೈ ಹಿಡಿದಳು. ಬೆಳಕಿಲ್ಲದೆ ನನಗೇನೂ ಕಾಣಲಿಲ್ಲವೆಂದು ಅವಳಿಗೆ ಹೇಳಲಿಲ್ಲ. ಆ ತಪ್ಪು ನನ್ನದು, ಅದನ್ನು ಬ್ಯಾನರಿನ ಮೇಲೆ ಹಾಕಲಾರೆ.

ಹದಿನೆಂಟನೇ ದಿನ ಕರುಳು ಕಟ್ಟಿಕೊಂಡು ಹುಡುಗಿಗೆ ಆಪರೇಷನ್ ಆಯಿತು. ಹೊರತೆಗೆದದ್ದನ್ನು ಗಾಜಿನ ಜಾಡಿಯಲ್ಲಿ ತುಂಬಿಸಿ, ದಾಖಲಿಸಿಕೊಳ್ಳಲು ನನ್ನ ಮೇಜಿಗೇ ಕಳಿಸಿದರು. ಗೇಣುದ್ದದ ಹುಳುಗಳು. ಅವನ್ನು ನೋಡಲು ಯಾವ ಕನ್ನಡಿಯೂ ಬೇಕಾಗಲಿಲ್ಲ. ವರದಿ ಕಳಿಸಿದೆ. ಊರು ಮುಕ್ತವಾಗಿರುವುದರಿಂದ ರೋಗಿ ಹೊರಗಿನವಳಿರಬೇಕು, ವಿಳಾಸ ಪರಿಶೀಲಿಸಿ ಎಂದು ತಾವು ಉತ್ತರಿಸಿದಿರಿ. ಸ್ವಾಮಿ, ಅವಳ ಮನೆಯ ಗೋಡೆಯೂ ಆಸ್ಪತ್ರೆಯ ಕಾಂಪೌಂಡೂ ಒಂದೇ! ಅವಳಿನ್ನೂ ವಾರ್ಡಿನಲ್ಲಿದ್ದಾಳೆ. ಆ ಕಡೆ ಹೋಗಲು ನನಗೆ ಕಾಲೇ ಬರುವುದಿಲ್ಲ.

ನಿನ್ನೆ ಬೆಳಿಗ್ಗೆ ತಾಯಿ ಚಿಕ್ಕವಳ ಮಲದ ಡಬ್ಬಿ ತಂದು ಮೇಜಿನ ಮೇಲಿಟ್ಟಳು. “ಈ ಸಲ ಸರಿಯಾಗಿ ನೋಡಿ, ಅಕ್ಕಾ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ಗಂಟೆ ಕನ್ನಡಿಯನ್ನು ಅತ್ತಿತ್ತ ತಿರುಗಿಸಿದೆ. ಏನೂ ಕಾಣಲಿಲ್ಲ. ಚಿಕ್ಕವಳೊಬ್ಬಳಿಗೆ ಮಾತ್ರೆಯನ್ನು ನಾನೇ ಅಂಗಡಿಯಿಂದ ತಂದುಕೊಟ್ಟೆ. ಆದರೆ ಜಾಡಿಯ ಸುದ್ದಿ ಹಬ್ಬಿ ಅದೇ ಗಲ್ಲಿಯ ಇನ್ನೂ ಮೂವತ್ತೊಂದು ಮಕ್ಕಳ ಡಬ್ಬಿಗಳು ಬಂದಿವೆ. ನಾನೊಬ್ಬಳು ಏನು ಮಾಡಲಿ, ಹೇಳಿ?

ಕೊನೆಗೆ ಮಾಡಬಾರದ್ದನ್ನು ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಕಾಣದೆಯೇ ‘ಕಂಡುಬಂದಿದೆ’ ಎಂದು ಮೂವತ್ತೆರಡು ವರದಿ ಬರೆದು, ಸಹಿ ಹಾಕಿ, ಮಾತ್ರೆಗಾಗಿ ತಮಗೆ ಕಳಿಸಿದ್ದೇನೆ.

ಇದಕ್ಕಾಗಿ ನನ್ನ ಮೇಲೆ ಕೂಡಲೇ ವಿಚಾರಣೆ ನಡೆಸಬೇಕೆಂದು ಒತ್ತಾಯಿಸುತ್ತೇನೆ. ಮಾದರಿಗಳನ್ನು ಕೆಡದಂತೆ ಔಷಧಿ ಹಾಕಿ ಇಟ್ಟಿದ್ದೇನೆ. ಪರೀಕ್ಷಿಸಲು ಯಾರನ್ನಾದರೂ ಕಳಿಸಿ, ಬಿಸಿಲಿರುವ ಹೊತ್ತಿಗೆ ಕಳಿಸಿ. ಅವರು ಮೊದಲು ಬ್ಯಾನರ್ ಎತ್ತಿಸಬೇಕಾಗುತ್ತದೆ. ಆಮೇಲೆ ನಾನು ಬರೆದದ್ದು ಸುಳ್ಳೋ ನಿಜವೋ ನೋಡಿ ಹೇಳಲಿ. ನನಗಂತೂ ಗೊತ್ತಿಲ್ಲ.

ಇಂತಿ,
ತಮ್ಮ ಬ್ಯಾನರಿನ ಹಿಂಬದಿಯಲ್ಲಿ ಕುಳಿತಿರುವ
ಪ್ರಯೋಗಾಲಯದವಳು